ಸೂಡು ಮತ್ತು ಕೊಡಲಿ

ಕರಜಗಿಯಿಂದ ಅಕ್ಕಲಕೋಟ ಮಾರ್ಗವಾಗಿ ಸೊಲ್ಲಾಪುರಕ್ಕೆ ಹೊರಟರೆ, ಸುಗ್ಗಿಯ ದಿನಗಳಲ್ಲಿ ಇಕ್ಕೆಲದ ಹೊಲಗಳಲ್ಲಿ ಜೋಳದ ಕಣಿಕೆಯ ಸೂಡುಗಳು ಕಾಣುತ್ತವೆ. ಒಂಟಿ ದಂಟನ್ನು ಮಗುವೂ ಮುರಿದೀತು, ಸೂಡನ್ನು ಮುರಿಯಲಾರದು. ಚುನಾವಣೆಯ ಕಾಲದಲ್ಲಿ ನಮ್ಮ ಮಕ್ಕಳ ಕಿವಿಗೂ ಬೀಳುವ ‘ಫ್ಯಾಸಿಸ್ಟ್’ ಎಂಬ ಪದದ ಮೂಲದಲ್ಲಿ ಇಂಥದೇ ಒಂದು ಸೂಡಿದೆ.

ಪ್ರಾಚೀನ ರೋಮಿನಲ್ಲಿ ಅಧಿಕಾರಿಗಳ ಮುಂದೆ ಸೇವಕರು ಕೊಡಲಿ ಸಿಕ್ಕಿಸಿದ ಕೋಲುಗಳ ಕಟ್ಟನ್ನು ಹಿಡಿದು ನಡೆಯುತ್ತಿದ್ದರು. ನಗರದ ಮೇರೆಯೊಳಗೆ ಬಂದಾಗ ಕೊಡಲಿಯನ್ನು ತೆಗೆಯುವುದು ವಾಡಿಕೆ. ಅಲ್ಲಿ ಮರಣದಂಡನೆಯ ವಿರುದ್ಧ ಜನರಿಗೆ ಮೊರೆಯಿಡುವ ಹಕ್ಕು ಪ್ರಜೆಗಿತ್ತು. ಇಟಲಿಯ ಭಾಷೆಯಲ್ಲಿ ‘ಫಾಶ್ಯೊ’ ಎಂದರೆ ಕಟ್ಟು, ಸಂಘ. 1890ರ ದಶಕದಲ್ಲಿ ಸಿಸಿಲಿಯ ರೈತರೂ ಕೂಲಿಕಾರರೂ ತಮ್ಮ ಸಂಘಗಳನ್ನು ಇದೇ ಹೆಸರಿನಿಂದ ಕರೆದರು. 1919ರಲ್ಲಿ ಮಿಲಾನಿನಲ್ಲಿ ಮುಸ್ಸೊಲಿನಿ ತನ್ನ ಪಡೆಗೆ ಅದನ್ನು ಎತ್ತಿಕೊಂಡ ಮೇಲೆ ಅರ್ಥ ತಿರುಗಿತು. 1922ರಲ್ಲಿ ಪ್ರಧಾನಿಯಾದ ಆತನ ಆಳಿಕೆಯಲ್ಲಿ, 1926ರ ಹೊತ್ತಿಗೆ ಇತರ ಪಕ್ಷಗಳು ನಿಷಿದ್ಧವಾದವು. ರಾಜಕೀಯ ಅಪರಾಧಗಳಿಗೆ ವಿಶೇಷ ನ್ಯಾಯಮಂಡಳಿ ಬಂದಿತು. ಕೊಡಲಿ ನಗರದೊಳಗೇ ಉಳಿಯಿತು.

ಸೊಲ್ಲಾಪುರದಲ್ಲಿ ನಾಲ್ವರು ಹುತಾತ್ಮರ ಪುತ್ಥಳಿಗಳಿವೆ: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ತರುವಾಯ ಊರು ಕೆರಳಿತು. ಸರಕಾರ ಲಷ್ಕರಿ ಕಾನೂನನ್ನು ಹೇರಿತು. ಪೊಲೀಸರ ಕೊಲೆಯ ಆರೋಪದ ಮೇಲೆ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಆ ಆಳಿಕೆ ಫ್ಯಾಸಿಸ್ಟ್ ಆಗಿತ್ತೆ? ಕ್ರೂರವಾಗಿತ್ತು, ಅನ್ಯಾಯದ್ದಾಗಿತ್ತು, ಆದರೆ ಅದು ಪರದೇಶಿ ಸಾಮ್ರಾಜ್ಯದ ಲಷ್ಕರಿ ದಬ್ಬಾಳಿಕೆ. ಫ್ಯಾಸಿಸಂ ಸ್ವಜನರನ್ನೇ ಒಂದು ಪಕ್ಷ, ಒಬ್ಬ ನಾಯಕನ ಸುತ್ತ ಸೂಡುಗಟ್ಟಿ, ಕಟ್ಟಿಗೆ ಒಗ್ಗದವರನ್ನು ಶತ್ರುವೆನ್ನುತ್ತದೆ. ಜನರ ಜಯಘೋಷವನ್ನೂ ಬೇಡುತ್ತದೆ. ತಪ್ಪು ಕಲಮು ಹಚ್ಚಿದ ಮೊಕದ್ದಮೆ ನ್ಯಾಯಾಲಯದಲ್ಲಿ ಸಡಿಲಾಗುವಂತೆ, ತಪ್ಪು ಹೆಸರಿಟ್ಟ ಅನ್ಯಾಯವೂ ವಾದದಲ್ಲಿ ಜಾರಿಹೋಗುತ್ತದೆ. ಗದರಿಸಿದ ಗುರುಗಳಿಗೂ ದಂಡ ಹಾಕಿದ ಗುಮಾಸ್ತನಿಗೂ ಅದೇ ಪದ ಬಳಸಿದರೆ, ನಿಜವಾಗಿ ಬೇಕಾದ ದಿನ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳರು.

ಮಕ್ಕಳನ್ನು ಆ ಪುತ್ಥಳಿಗಳ ಬಳಿಗೆ ಕರೆದೊಯ್ಯಿರಿ. ಆ ಪದ ಕೇಳಿಬಂದಾಗ ಮೂರು ಪ್ರಶ್ನೆ ಕೇಳುವುದನ್ನು ಕಲಿಸಿರಿ: ಬೇರೆ ಪಕ್ಷಕ್ಕೆ ಎಡೆಯಿದೆಯೆ? ಪತ್ರಿಕೆ ಬರೆಯಬಲ್ಲುದೆ? ನ್ಯಾಯಾಲಯದ ಬಾಗಿಲು ತೆರೆದಿದೆಯೆ?