ಗುಂಡು ಹಾರಲಾರದ ರೈಫಲ್

ಹೋದ ತಿಂಗಳ ಟೆಕ್ಸಾಸಿನಾಗ ಇರೋ ನಮ್ಮ ತಮ್ಮನ ಮಗಾ ವಿಡಿಯೋ ಕಾಲ್ ಮಾಡಿ, "ಅತ್ಯಾ, ನಿನ್ನ ಎನ್.ಸಿ.ಸಿ. ರೈಫಲ್ ಸಿಕ್ತು ನೋಡು!" ಅಂತ ಒಂದು ಥ್ರೀ-ನಾಟ್-ಥ್ರೀ ಎತ್ತಿ ತೋರಿಸಿದಾ. ಅಲ್ಲೆ ಯಾರೋ ಮುದುಕರ ಮನಿ ಸಾಮಾನು ಮಾರಾಟದಾಗ ತೊಗೊಂಡಿದ್ದನಂತ. ನಾ ಬಟಾಣಿ ಸುಲಿಯೋದು ಬಿಟ್ಟು ಕನ್ನಡಕ ಏರಿಸಿದೆ.

ಅದನ್ನ ಮರೀಲಿಕ್ಕೆ ಸಾಧ್ಯನ ಇಲ್ಲರಿ. ಕಾಲೇಜಿನಾಗ ಪರೇಡಿಗೆ ಹೊತ್ತು ಹೊತ್ತು ಹೆಗಲು ನೀಲಿಗಟ್ಟಿತ್ತು. ಹತ್ರಹತ್ರ ನಾಲ್ಕು ಕಿಲೋ! ರಾತ್ರಿ ಅವ್ವಾ ಬಿಸಿ ಎಣ್ಣಿ ತಿಕ್ಕಿಕೋತ, "ಗುಂಡ ಹಾರಂಗಿಲ್ಲಂದ್ರ ನಮ್ಮ ಒನಕಿನ ಒಯ್ಯಬಾರದೇನು" ಅಂತಿದ್ದಳು. ಖರೇನ. ನಮಗ ಕೊಡ್ತಿದ್ದದ್ದು ಡಿ.ಪಿ. ರೈಫಲ್, ಅಂದ್ರ ಬರೇ ಡ್ರಿಲ್ಲಿಗೆ. ಸೈನ್ಯದಾಗ ಸವೆದ ರೈಫಲ್ಲಿಗೆ ಡಿ.ಪಿ. ಅಂತ ಮುದ್ರಿ ಒತ್ತಿ, ಕೆಲವಕ್ಕ ಫೈರಿಂಗ್ ಪಿನ್ ತೆಗೆದು, ಕೆಲವಕ್ಕ ಗುಂಡು ಕೂಡೋ ಜಾಗಾಕ್ಕನ ತೂತು ಕೊರೆದು ಕವಾಯತಿಗೆ ಕೊಡೋರು.

ಗುಂಡು ಹೊಡೀಲಿಕ್ಕೆ ಬ್ಯಾರೆ ಇತ್ತು, ಪಾಯಿಂಟ್ ಟೂ-ಟೂ. ಬ್ರಿಟಿಷರು ಲೀ-ಎನ್‌ಫೀಲ್ಡಿನ ನಳಗಿ ಸಣ್ಣದು ಮಾಡಿ ತಯಾರಿಸಿದ್ದು. ತೂಕಾ, ಬೋಲ್ಟು ಎಲ್ಲಾ ಹಂಗನ, ಗುಂಡು ಮಾತ್ರ ಸೋವಿ. ಒಮ್ಮೆಗೆ ಒಂದ ಗುಂಡು. ಖಾಲಿ ಕೋಶ ಮ್ಯಾಗಜಿನ್ ಡಬ್ಬ್ಯಾಗ ಬೀಳೋದು, ಉಸ್ತಾದರು ಎಣಿಸಿ ವಾಪಸ್ ತೊಗೊಳ್ಳೋರು.

ಇಂವಾ ಅಂತೂ, "ಶನಿವಾರ ರೇಂಜಿಗೆ ಒಯ್ದು ಹೊಡೀತೀನಿ" ಅಂದಾ.

"ತಡಿ. ಬೋಲ್ಟಿನ ಕೆಳಗ ಕಬ್ಬಿಣದ ಮ್ಯಾಲೆ ಏನು ಬರದದ, ಓದು."

ಕಿರೀಟ, ಜಿ.ಆರ್.ಐ., ಇಷಾಪುರ, 1942. ಕೊಲ್ಕತ್ತಾ ಹತ್ರದ ನಮ್ಮ ಫ್ಯಾಕ್ಟರಿ ಮಾಲು! "ಮತ್ತ?"

"ಡಿ.ಪಿ. ಅಂತನೂ ಅದ. ಆದ್ರ ಪಿನ್ ಅದ ಅತ್ಯಾ, ಎಳದ್ರ ಟಕ್ ಅಂತದ."

"ಪಿನ್ನು ಯಾವನರ ಆಮ್ಯಾಲೆ ಹಾಕಿರಬೇಕು. ಮಾರಿ ಹಚ್ಚಿ ಹೊಡಿಯೋದದು. ಬಂದೂಕ ರಿಪೇರಿಯವನ ಕಡೆ ಮ್ಯಾಲಿನ ಕಟಗಿ ಬಿಚ್ಚಿಸು, ಇಲ್ಲಂದ್ರ ನಿಮ್ಮಪ್ಪಗ ಫೋನ್ ಹಚ್ತೀನಿ."

ಮೂವತ್ತೆರಡು ವರ್ಷದವಗ ಇನ್ನೂ ಅಪ್ಪನ ಅಂಜಿಕಿ ಅದರಿ, ಪುಣ್ಯಾ.

ನಾಲ್ಕು ದಿನಕ್ಕ ಫೋಟೋ ಬಂತು. ಕಟಗಿ ಕೆಳಗ, ಗುಂಡು ಕೂಡೋ ಜಾಗಾದಾಗ, ಪೆನ್ಸಿಲ್ ಹೋಗೋವಷ್ಟು ತೂತು. ಸ್ವಲ್ಪ ಹೊತ್ತು ನನ್ನ ಕೈಕಾಲು ತಣ್ಣಗಾಗಿ ಅಲ್ಲೆ ಕೂತುಬಿಟ್ಟೆ.

ಅವಗ ರೊಕ್ಕದ ಚಿಂತಿ. ರಿಪೇರಿಯವ ಹೇಳಿದನಂತ, ಹಾರೋ ರೈಫಲ್ಲಿನಷ್ಟು ಬೆಲಿ ಇದಕ್ಕ ಬರಂಗಿಲ್ಲ, ಆದ್ರೂ ಸಂಗ್ರಹ ಮಾಡೋರು ತೊಗೋತಾರ. ಅವರು ನೋಡೋದು ಬೋಲ್ಟಿನ ನಂಬರ್ರು, ಬಾಡಿ ನಂಬರ್ರು ಒಂದ ಅದಾವೋ ಇಲ್ಲೋ, ಕಟಗಿ ಮ್ಯಾಲಿನ ಹಳೇ ಮುದ್ರಿ ಉಳದಾವೋ ಇಲ್ಲೋ ಅನ್ನೋದು. ನಮ್ಮ ಧೀರ ಏನ ಮಾಡ್ಯಾನ? ತಂದ ದಿನಾನ ಉಸುಕಿನ ಕಾಗದಾ ಹಚ್ಚಿ ತಿಕ್ಕಿ ಪಳಪಳ ವಾರ್ನಿಶ್ ಹೊಡದಾನ! ಮುದ್ರಿ, ಬಿಳಿ ಪಟ್ಟಿ ಎಲ್ಲಾ ಸಾಫ್. ಅಷ್ಟು ಹುಮ್ಮಸ್ಸಿಲೆ ಎಂದರೆ ತನ್ನ ಮನಿ ಕಸಾ ಹೊಡದಿದ್ದರ ಹೆಂಡ್ತಿ ಖುಷಿಯಾಗಿರ್ತಿದ್ಲು.

ಈಗ ಗೋಡಿಗೆ ತೂಗು ಹಾಕ್ಯಾನಂತ. ಬಾಜೂಕ ಹಚ್ಚಲಿಕ್ಕೆ ನನ್ನ ಕ್ಯಾಂಪಿನ ಫೋಟೋ ಕೇಳ್ಯಾನ. ಟ್ರಂಕಿನಾಗ ಹುಡುಕಿದ್ರ ಒಂದ ಸಿಕ್ತು. ಅದರಾಗ ನನ್ನ ಕೈಯಾಗಿರೋದು ಪಾಯಿಂಟ್ ಟೂ-ಟೂ. ಹೇಳದನ ಕಳಿಸೀನಿ.