ಏಳು ವರುಷದ ಊರು

ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು ಇಪ್ಪತ್ತು ಕಿಲೋಮೀಟರಿನ ಹಾದಿ. ಇದನ್ನು ಪ್ರವಾಸವೆಂದು ಕರೆದರೆ ವಾಚಕರು ನಕ್ಕಾರು. ಆದರೂ ಕಳೆದ ಏಪ್ರಿಲಿನ ಒಂದು ಸಂಜೆ ನಾನು ಈ ಹಾದಿಯನ್ನು ಪರದೇಶಕ್ಕೆ ಹೊರಟವನ ಆತಂಕದಿಂದಲೇ ಕ್ರಮಿಸಿದೆ.

ಜೊತೆಗಿದ್ದವಳು ನನ್ನ ಪತ್ನಿಯ ಅಣ್ಣನ ಮಗಳು, ಅಕ್ಕಲಕೋಟೆಯ ಹುಡುಗಿ. ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿದೊಡನೆ ಸೊಲ್ಲಾಪುರದಲ್ಲಿ ರೈಲು ಹತ್ತಿ, ವಿಜಯಪುರ ಗದಗುಗಳ ಮೇಲೆ ನಮ್ಮ ಮನೆಗೆ ಬಂದಿದ್ದಳು. ಅಂದು ರಾತ್ರಿ ಅವಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಪ್ರವೇಶ ಪರೀಕ್ಷೆ, ಅದರೊಂದಿಗೆ ಕನ್ನಡದ ಪರೀಕ್ಷೆ.

ಕನ್ನಡದ ಪರೀಕ್ಷೆ ಏಕೆಂದು ಕೇಳುವವರಿಗೆ ಎರಡು ಮಾತು. ಕರ್ನಾಟಕದ ವೃತ್ತಿ ಕಾಲೇಜುಗಳಲ್ಲಿ ಸರಕಾರಿ ಸೀಟು, ಅಂದರೆ ಕಡಮೆ ಶುಲ್ಕದ ಸೀಟು, ದೊರೆಯಬೇಕಾದರೆ ಸಾಮಾನ್ಯವಾಗಿ ಏಳು ವರುಷವಾದರೂ ಈ ರಾಜ್ಯದ ಶಾಲೆಗಳಲ್ಲಿ ಓದಿರಬೇಕು. ೨೦೦೬ರ ನಿಯಮಾವಳಿ ಗಡಿನಾಡಿನ ಮಕ್ಕಳಿಗೂ ಒಂದು ಬಾಗಿಲನ್ನು ತೆರೆದಿಟ್ಟಿದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಕಾಸರಗೋಡು ಮೊದಲಾದ ತಾಲ್ಲೂಕುಗಳಲ್ಲಿ ಏಳು ವರುಷ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳಿಗೂ ಆ ಹಕ್ಕುಂಟು. ಆದರೆ ಕನ್ನಡ ಬರುತ್ತದೆಂಬುದನ್ನು ಬರೆದು ತೋರಿಸಬೇಕು. ಐವತ್ತಕ್ಕೆ ಹನ್ನೆರಡು ಅಂಕ ಬಂದರೆ ಸಾಕು.

ಹನ್ನೆರಡೇ! ಕನ್ನಡದ ಉಪಾಧ್ಯಾಯನಾದ ನನಗೆ ಮೊದಲು ನಗೆ ಬಂದಿತ್ತು. ಹುಡುಗಿಯ ಕೈಗೆ ಲೇಖನಿ ಕೊಟ್ಟ ದಿನ ನಗೆ ಅಡಗಿತು. ಅಕ್ಕಲಕೋಟೆ ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳಿಲ್ಲದಿಲ್ಲ. ಮುಂದೆ ನೌಕರಿಗೆ ಅನುಕೂಲವಾದೀತೆಂದು ನನ್ನ ಭಾವ ಮಗಳನ್ನು ಮರಾಠಿ ಶಾಲೆಗೆ ಹಾಕಿದ್ದರು. ಆ ತಂದೆಯನ್ನು ದೂರುವ ಮನಸ್ಸು ನನಗಿಲ್ಲ. ಸಣ್ಣ ಅಂಗಡಿಯೊಂದನ್ನು ನಂಬಿ ಬದುಕುವವರು ಅವರು. ಖಾಸಗಿ ಸೀಟಿನ ಶುಲ್ಕ ಕೇಳಿದ ದಿನ ರಾತ್ರಿ ಊಟ ಮಾಡಲಿಲ್ಲವಂತೆ.

"ಮಾಮಾ, ಮಾತಾಡ್ಲಿಕ್ಕೆ ಬರ್ತದ, ಬರೀಲಿಕ್ಕೆ ಕೈ ಓಡಂಗಿಲ್ಲ" ಎಂದಿದ್ದಳು ಹುಡುಗಿ. ಒಂದು ತಿಂಗಳು ದಿನವೂ ಬೆಳಗ್ಗೆ ಬಳ್ಳಿ, ಹಳ್ಳಿ, ಅಕ್ಕ, ಅಜ್ಜ ಎಂದು ತಿದ್ದಿದೆವು. ಎರಡನೆಯ ತರಗತಿಯ ನನ್ನ ಮಗಳು ಅವಳ ಒತ್ತಕ್ಷರದ ತಪ್ಪುಗಳನ್ನು ಹಿಡಿದು ಚಪ್ಪಾಳೆ ತಟ್ಟುತ್ತಿದ್ದಳು.

ಜುಬಿಲಿ ಸರ್ಕಲಿನಲ್ಲಿ 'ಚಿಗರಿ' ಬಸ್ಸು ಹತ್ತಿದೆವು. ವಿದ್ಯಾಗಿರಿ, ಸತ್ತೂರು, ರಾಯಾಪುರ, ನವನಗರ, ಉಣಕಲ್ಲು. ಈ ಹಾದಿಯಲ್ಲಿ ಹೊಲಗಳಿಗಿಂತ ಕಾಲೇಜುಗಳ ಫಲಕಗಳೇ ಹೆಚ್ಚು ಕಾಣುತ್ತವೆ. ಹುಡುಗಿ ಒಂದೊಂದನ್ನೂ ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು.

ನವನಗರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹತ್ತಿ, "ನಮಸ್ಕಾರ್ರಿ ಸರ್" ಎಂದಳು. ಕೈಯಲ್ಲಿ ಒಂದು ಲಕೋಟೆ. ಉಪನೋಂದಣಿ ಕಚೇರಿಯಿಂದ ತಂದ ವಿವಾಹದ ಪ್ರಮಾಣಪತ್ರ. ಪತಿ ಅಮೆರಿಕದ ಟೆಕ್ಸಸಿನಲ್ಲಿದ್ದಾನೆ. ಅವನದು ಎಚ್-೧ಬಿ; ಇವಳು ಹೋಗಬೇಕಾದದ್ದು ಪತ್ನಿಗೆ ಸಲ್ಲುವ ಎಚ್-೪ ವೀಸಾದ ಮೇಲೆ. ಅದರಲ್ಲಿ ಓದಬಹುದು. ಆದರೆ ದುಡಿಯಬೇಕಾದರೆ ಬೇರೆ ಅನುಮತಿ ಬೇಕು. ಪತಿಯ ಹಸಿರು ಚೀಟಿಯ ಕೆಲಸ ಒಂದು ಹಂತ ದಾಟಿದ್ದರೆ ಮಾತ್ರ ೨೦೧೫ರ ನಿಯಮದಂತೆ ಅದನ್ನು ಕೇಳಬಹುದು.

"ಅಲ್ಲಿ ಕಾಲೇಜಿಗೆ ಸೇರ್ಬೇಕಂತ ಮಾಡೀನ್ರಿ ಸರ್. ಹೊರಗಿನವ್ರ ಫೀ ಅಂದ್ರ ಎದಿ ಒಡೀತದ. ಟೆಕ್ಸಸ್ಸಿನಾಗ ಹನ್ನೆರಡು ತಿಂಗಳು ಮನಿ ಮಾಡಿ ಇದ್ರ ಅಲ್ಲಿಯವ್ರ ಫೀ ಕೊಡ್ತಾರಂತ. ಎಚ್-೪ ಇದ್ದವ್ರಿಗೂ ಆಗ್ತದಂತ. ಬ್ಯಾರೆ ರಾಜ್ಯದಾಗ ಬ್ಯಾರೆ ನಿಯಮ."

"ಹನ್ನೆರಡು ತಿಂಗಳಾ?" ನನ್ನ ಹುಡುಗಿ ತಟ್ಟನೆ ತಲೆಯೆತ್ತಿದಳು. "ನಮ್ಗ ಏಳು ವರ್ಷ!"

ಮೂವರೂ ನಕ್ಕೆವು. ನನ್ನ ನಗೆ ಮಾತ್ರ ಅಷ್ಟು ನಿರಾಳವಾಗಿರಲಿಲ್ಲ. ಈ ಹುಡುಗಿಯ ಮುತ್ತಜ್ಜನ ಕಾಲಕ್ಕೆ ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತದೊಳಗಿದ್ದವು. ೧೯೧೭ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ಸೊಲ್ಲಾಪುರದ ಕನ್ನಡ ಹುಡುಗ ಹೊರಗಿನವನಾಗಿರಲಿಲ್ಲ. ೧೯೫೬ರ ನವೆಂಬರ್ ಒಂದರಂದು ಧಾರವಾಡ ಮೈಸೂರು ರಾಜ್ಯಕ್ಕೆ ಬಂದಿತು, ಅಕ್ಕಲಕೋಟೆ ಅತ್ತ ಉಳಿಯಿತು. ೧೯೬೭ರ ಮಹಾಜನ ವರದಿಯ ಬಳಿಕವೂ ಆ ರೇಖೆ ಅಲುಗಲಿಲ್ಲ. ನನ್ನ ಪತ್ನಿ ಮದುವೆಯಾಗಿ ರೇಖೆ ದಾಟಿ ಬಂದಳು. ಅವಳ ಮಗಳು ಏನೂ ಮಾಡದೆ ಇಲ್ಲಿಯವಳಾದಳು. ಅವಳ ಅಣ್ಣನ ಮಗಳು ಹನ್ನೆರಡು ಅಂಕಕ್ಕಾಗಿ ಬೆಂಗಳೂರಿಗೆ ಹೊರಟಿದ್ದಾಳೆ.

ವಿದ್ಯಾರ್ಥಿನಿ ಹೊಸೂರಿನಲ್ಲಿ ಇಳಿದಳು. ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋಗಬೇಕಂತೆ. ಮದುವೆಯ ಚಿತ್ರಗಳನ್ನೆಲ್ಲ ಕಟ್ಟಿಟ್ಟುಕೊಂಡಿದ್ದಾಳೆ. ಮದುವೆ ನಿಜವೆಂದು ಅಲ್ಲಿ ತೋರಿಸಿಕೊಡಬೇಕಲ್ಲ! "ಊಟದ ಪಂಕ್ತೀದೂ ಇಟ್ಕೊಂಡೀನ್ರಿ" ಎಂದು ನಗುತ್ತ ಹೋದಳು.

ಹುಬ್ಬಳ್ಳಿಯ ನಿಲ್ದಾಣದಲ್ಲಿ ರೈಲಿಗೆ ಇನ್ನೂ ಒಂದು ತಾಸಿತ್ತು. ೧,೫೦೭ ಮೀಟರ್ ಉದ್ದದ, ಜಗತ್ತಿಗೇ ಉದ್ದವೆನಿಸಿದ ಪ್ಲಾಟ್‌ಫಾರಮ್ಮಿನ ಮೇಲೆ ನಡೆಯುತ್ತ ಹೋದೆವು. ಕೊನೆಯಲ್ಲಿ ಊರಿನ ಹಳದಿ ಫಲಕ, ಮೂರು ಲಿಪಿಗಳಲ್ಲಿ. ಹುಡುಗಿ ದೂರ ನಿಂತು, ನಾಗರಿಯ ಸಾಲು ಕಾಣದಂತೆ ಅಂಗೈಯನ್ನು ಕಣ್ಣಿನ ಮುಂದೆ ಅಡ್ಡ ಹಿಡಿದು, ಕನ್ನಡದ ಸಾಲನ್ನು ಒಂದೊಂದೇ ಅಕ್ಷರವಾಗಿ ಬಿಡಿಸತೊಡಗಿದಳು.

"ಶ್ರೀ... ಸಿ... ಮಾಮಾ, ಹೇಳಬ್ಯಾಡ್ರಿ. ನಾನ ಓದ್ತೀನಿ."