ಸ್ವಾರಗೇಟಿನಿಂದ ಒಂದೂವರೆ ಟಿಕೆಟ್ಟು

ಪುಣೆಗೆ ಬಂದು ಮೂವತ್ತು ವರ್ಷ ದಾಟಿತು. 1994ರಲ್ಲಿ ಬ್ಯಾಂಕಿನ ವರ್ಗಾವಣೆ ಕಾಗದ ಹಿಡಿದು, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯ ಜೊತೆ ಇಳಿದದ್ದು ಇದೇ ಸ್ವಾರಗೇಟ ಬಸ್ ಸ್ಟ್ಯಾಂಡಿನಲ್ಲಿ. ಎರಡು ವರ್ಷ ಇದ್ದು ಹುಬ್ಬಳ್ಳಿಗೆ ವಾಪಸ್ ಹೋಗೋಣ ಅಂತ ಬಂದವ, ಇಲ್ಲೇ ಮುಕುಂದನಗರದಲ್ಲಿ ಮನೆ ಮಾಡಿ ಕೂತೆ. ಊರಿಂದ ಬರುವವರನ್ನು ಇಳಿಸಿಕೊಳ್ಳುವುದು, ಹೋಗುವವರನ್ನು ಬಸ್ಸಿಗೆ ಹತ್ತಿಸುವುದು ನನ್ನ ಎರಡನೆಯ ನೌಕರಿ. ರಾತ್ರಿ ಕಂಡಕ್ಟರ್ "ಬೆಳಗಾಂವಿ, ಧಾರವಾಡ, ಹುಬ್ಬಳ್ಳಿ" ಅಂತ ಕೂಗುವುದು ಕಿವಿಗೆ ಬಿದ್ದರೆ ಸಾಕು, ಅರ್ಧ ಊರು ಮುಟ್ಟಿದಂತೆ ಆಗುತ್ತದೆ.

ಹೀಗೆ ಎಷ್ಟು ಜನರನ್ನು ಹತ್ತಿಸಿದ್ದೇನೋ ಲೆಕ್ಕವಿಲ್ಲ. ಆದರೆ 2022ರ ನವೆಂಬರಿನ ಒಂದು ರಾತ್ರಿ ನಾನೇ ತೆಗೆಸಿದ ಒಂದೂವರೆ ಟಿಕೆಟ್ಟಿನ ಲೆಕ್ಕ ಮಾತ್ರ ಇನ್ನೂ ತೀರಿಲ್ಲ. ಇಂದು ಅದನ್ನೇ ಹೇಳಬೇಕು ಅಂತ ಕೂತಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕುವುದಿಲ್ಲ.

ಒಂದು ಟಿಕೆಟ್ಟು ನನ್ನ ಅಕ್ಕನ ಮಗಳದ್ದು. ಅರ್ಧ ಟಿಕೆಟ್ಟು ಅವಳ ಆರು ವರ್ಷದ ಮಗಳದ್ದು. ಅಳಿಯ ಸೊಲ್ಲಾಪುರ ಕಡೆಯ ಕನ್ನಡದವ, ಹುಟ್ಟಿ ಬೆಳೆದದ್ದೆಲ್ಲ ಪುಣೆ. ಕೆಟ್ಟವನಲ್ಲ. ಕುಡಿತ, ಹೊಡೆತ ಇರಲಿಲ್ಲ. ಆದರೆ ಇಬ್ಬರ ನಡುವೆ ಎರಡು ವರ್ಷದಿಂದ ಸರಿಯಾದ ಮಾತಿರಲಿಲ್ಲ, ಮಾತಾದರೆ ಜಗಳ. ಆ ದಿನ ಸಂಜೆ ಅವಳ ಫೋನು: "ಮಾಮಾ, ಸಾಕಾತು. ನಾ ಊರಿಗೆ ಹೋಗ್ತೀನಿ."

ನಾನು ಏನು ಹೇಳಬೇಕಿತ್ತು? ಒಂದು ದಿನ ನಮ್ಮ ಮನೆಯಲ್ಲಿರು, ಅವನನ್ನೂ ಕರೆದು ಕೂಡಿಸೋಣ ಅನ್ನಬಹುದಿತ್ತು. ನಾನು ಹೇಳಿದ್ದು: "ಕೂಸಿನ್ನ ಕರ್ಕೊಂಡ ಹೋಗು. ಮೊದಲ ಊರು ಮುಟ್ಟು, ಆಮ್ಯಾಲೆ ನೋಡೂಣು." ನಮ್ಮ ಕಡೆ ಹಿರಿಯರು ಅನ್ನಿಸಿಕೊಂಡವರೆಲ್ಲ ಕೊಡುವ ಸಲಹೆ ಇದೇ. ಕೂಸು ಯಾರ ಕೈಯಲ್ಲಿದೆಯೋ ಅವರದ್ದೇ ಕೇಸು ಗಟ್ಟಿ ಅಂತ ಒಂದು ನಂಬಿಕೆ.

ಟಿಕೆಟ್ಟು ನನ್ನ ಫೋನಿನಿಂದಲೇ ಬುಕ್ ಆಯಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೂಸು ಕೇಳಿತು, "ಅಜ್ಜಾ, ಪಪ್ಪಾ ಬರಂಗಿಲ್ಲೇನು?"

"ಬರ್ತಾನವ್ವಾ. ಹಿಂದ ಬರೂ ಬಸ್ಸಿನ್ಯಾಗ ಬರ್ತಾನ."

ರಾತ್ರಿ ಹನ್ನೊಂದಕ್ಕೆ ಅಳಿಯ ಫೋನು ಮಾಡಿದ. "ಮಾಮಾ, ಕೂಸು ಎಲ್ಲಿ?" ಬಸ್ಸು ಆಗ ಸಾತಾರಾ ದಾಟಿರಬೇಕು. ನನಗೆ ಗೊತ್ತಿಲ್ಲ ಅಂದೆ. ಒಂದೇ ರಾತ್ರಿಯಲ್ಲಿ ಎರಡು ಸುಳ್ಳು.

ಅವನು ಪೊಲೀಸ್ ಠಾಣೆಗೆ ಹೋದ. ತಾಯಿಯೇ ಕರೆದುಕೊಂಡು ಹೋಗಿದ್ದಾಳಲ್ಲ, ಇದು ಮನೆಯ ವಿಷಯ, ಕೋರ್ಟಿಗೆ ಹೋಗಿ ಅಂದರಂತೆ. ಹೋದ. ಮೂರು ವಾರಕ್ಕೆ ಪುಣೆಯ ಕೌಟುಂಬಿಕ ನ್ಯಾಯಾಲಯದಿಂದ ನೋಟಿಸು ಬಂತು. ಅಕ್ಕನ ಮಗಳು ಮೊದಲ ಪ್ರತಿವಾದಿ, ಅವಳ ಅಪ್ಪ ಎರಡನೆಯವರು, ಟಿಕೆಟ್ಟು ತೆಗೆಸಿದ ನಾನು ಮೂರನೆಯವ. ಬ್ಯಾಂಕಿನಲ್ಲಿ ಒಂದು ಚಾರ್ಜ್‌ಶೀಟು ಇಲ್ಲದೆ ಇಷ್ಟು ವರ್ಷ ಕಳೆದವನಿಗೆ ಆ ಮರಾಠಿ ಕಾಗದ ನೋಡಿ ಕೈ ನಡುಗಿತು. ಮಂಡಈಯಲ್ಲಿ ತರಕಾರಿ ಕೊಳ್ಳುವ ಮರಾಠಿ ಬೇರೆ, ಕೋರ್ಟಿನ ಮರಾಠಿ ಬೇರೆ. ಒಂದೊಂದೇ ಸಾಲು ಓದಿ, ಫೋನಿನಲ್ಲಿ ಅವಳಿಗೆ ಕನ್ನಡದಲ್ಲಿ ಹೇಳಿದೆ. "ಮಗುವನ್ನು ತಂದೆಗೆ ತಿಳಿಯದಂತೆ ಗುಟ್ಟಾಗಿ ಸಾಗಿಸಿದರು" ಎನ್ನುವ ಸಾಲು ಬಂದಾಗ ಧ್ವನಿ ನಿಂತಿತು. ಅದು ಸುಳ್ಳಾಗಿರಲಿಲ್ಲವಲ್ಲ.

ಅಷ್ಟರಲ್ಲಿ ಧಾರವಾಡದಲ್ಲಿ ನಮ್ಮವರೂ ಒಬ್ಬ ವಕೀಲರನ್ನು ಹಿಡಿದಿದ್ದರು. ಕೂಸು ಈಗ ಇಲ್ಲೇ ಇದೆ, ಇಲ್ಲೇ ಅರ್ಜಿ ಹಾಕೋಣ ಅಂದರು ಅವರು. ಹಣ ಕಟ್ಟಿದೆವು, ಹಾಕಿದೆವು. ಕೆಲ ತಿಂಗಳ ನಂತರ ಆ ಅರ್ಜಿ ಹಿಂದಕ್ಕೆ ಬಂತು, ಪುಣೆಗೇ ಹೋಗಿ ಅಂತ.

ಯಾಕೆ ಹಾಗಾಯಿತು ಅಂತ ನಾನು ಕೂತು ಓದಿದ್ದು ಆಗ. ನಾನು ಬಿ.ಕಾಂ. ಮನುಷ್ಯ, ಕಾನೂನು ಅಂದರೆ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಅಷ್ಟೇ. ಆದರೂ ತಿಳಿದಷ್ಟು ಹೇಳುತ್ತೇನೆ.

ಮಹಾರಾಷ್ಟ್ರ ಇರಲಿ, ಕರ್ನಾಟಕ ಇರಲಿ, ಕಾಯ್ದೆ ಒಂದೇ: 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ. ಅದರ 9ನೆಯ ಕಲಂ ಹೇಳುವುದು, ಮಗು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತದೋ ಆ ಊರಿನ ಕೋರ್ಟಿಗೆ ಅಧಿಕಾರ ಅಂತ. "ಸಾಮಾನ್ಯವಾಗಿ" ಅನ್ನುವ ಶಬ್ದದಲ್ಲೇ ಎಲ್ಲ ಇದೆ. 2011ರಲ್ಲಿ ರುಚಿ ಮಜೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇದನ್ನು ಪ್ರತಿ ಕೇಸಿನ ಸಂಗತಿ ನೋಡಿ, ಉದ್ದೇಶ ನೋಡಿ ತೀರ್ಮಾನಿಸಬೇಕು ಅಂದಿದೆ. ನಮ್ಮ ಕೂಸು ಹುಟ್ಟಿದ್ದು ಪುಣೆ, ಶಾಲೆ ಪುಣೆ, ಲಸಿಕೆಯ ಕಾರ್ಡು ಪುಣೆಯದ್ದು. ಒಂದು ರಾತ್ರಿ ಕೊಗನೊಳಿ ಟೋಲ್ ನಾಕಾ ದಾಟಿದ ಮಾತ್ರಕ್ಕೆ ಅದು ಧಾರವಾಡದ ವಾಸಿ ಆಗುವುದಿಲ್ಲ.

ಎರಡನೆಯದು, ನಮ್ಮ ಅಕ್ಕ ಗಟ್ಟಿಯಾಗಿ ಹಿಡಿದಿದ್ದ ಮಾತು: "ಕೂಸು ತಾಯಿಗೇ ಅಂತ ಕಾನೂನ ಐತಿ." 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಲ್ಲಿ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಅಂತ ಇರುವುದು ನಿಜ. ನಮ್ಮ ಕೂಸಿಗೆ ಆರು. ಐದು ದಾಟಿದರೆ ತಂದೆಗೆ ಅಂತಲೂ ಅಲ್ಲ. ಅದೇ ಕಾಯ್ದೆಯ 13ನೆಯ ಕಲಮಿನ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು.

ಪಾಲಕತ್ವ ಬೇರೆ, ಮಗುವಿನ ವಶ ಬೇರೆ ಅನ್ನುವುದು ಬ್ಯಾಂಕಿನವರಿಗೆ ಸ್ವಲ್ಪ ಗೊತ್ತು. 1984ರಲ್ಲಿ ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಲೀಫ್ ಬಾಂಡಿಗೆ ಅರ್ಜಿ ಹಾಕಿ ತಾವೇ ಪಾಲಕರೆಂದು ಸಹಿ ಮಾಡಿದಾಗ, ರಿಸರ್ವ್ ಬ್ಯಾಂಕು ತಂದೆಯ ಸಹಿ ಬೇಕು ಅಂದಿತ್ತು. ಅದು ಸುಪ್ರೀಂ ಕೋರ್ಟಿಗೆ ಹೋಗಿ, 1999ರ ಫೆಬ್ರವರಿಯಲ್ಲಿ ತೀರ್ಪು ಬಂತು: ಕಾಯ್ದೆಯಲ್ಲಿ "ತಂದೆಯ ನಂತರ ತಾಯಿ" ಅಂದರೆ ತಂದೆ ಸತ್ತ ನಂತರ ಅಂತಲ್ಲ, ಅವನ ಗೈರುಹಾಜರಿಯಲ್ಲೂ ತಾಯಿ ಪಾಲಕಿಯೇ. ಆಗ ನಾನು ಕೌಂಟರಿನಲ್ಲಿದ್ದೆ. ಸಹಿ ಯಾರದ್ದು ಅನ್ನುವುದನ್ನಷ್ಟೇ ಅಂದು ನೋಡಿದೆ. ಫಾರಮ್ಮಿನಲ್ಲಿ ಹೆಸರಿರುವ ಕೂಸಿಗೆ ಇಬ್ಬರೂ ಬೇಕಿರಬಹುದು ಅಂತ ಯೋಚಿಸಲಿಲ್ಲ.

ಮೂರನೆಯದು ಎಲ್ಲಕ್ಕಿಂತ ತ್ರಾಸಿನದು. ಒಂದೇ ರಾಜ್ಯದೊಳಗಾದರೆ ಕೇಸನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗಾಯಿಸಲು ಅಲ್ಲಿಯ ಹೈಕೋರ್ಟು ಸಾಕು. ಪುಣೆಯಿಂದ ಧಾರವಾಡಕ್ಕೆ ವರ್ಗಾಯಿಸಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಕಲಮಿನಡಿ ದೆಹಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಹೆಂಗಸರ ತೊಂದರೆ ನೋಡಿ ಎಷ್ಟೋ ಸಲ ವರ್ಗಾವಣೆ ಕೊಡುತ್ತಾರೆ, ನಿಜ. ಆದರೆ ಕೊಡಲೇಬೇಕೆಂದಿಲ್ಲ. ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವ ದಾರಿಗೆ ದೆಹಲಿ ಸುತ್ತಿ ಬರಬೇಕು.

ಆ ಹೊತ್ತಿಗೆ ಅವಳ ಕೈಯಲ್ಲಿದ್ದ ಹಣ ಮುಗಿದಿತ್ತು. ಬ್ಯಾಂಕಿನ ಒಬ್ಬ ಸಹೋದ್ಯೋಗಿ ಹೇಳಿದರು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ನೋಡಿರಿ ಅಂತ. ಅದು ಕಡುಬಡವರಿಗೆ ಮಾತ್ರ ಅಂದುಕೊಂಡಿದ್ದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಂ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಪ್ರತಿ ಜಿಲ್ಲೆಯಲ್ಲಿ ಪ್ರಾಧಿಕಾರವಿದೆ. 15100 ಅಂತ ದೇಶಕ್ಕೆಲ್ಲ ಒಂದೇ ಸಹಾಯವಾಣಿ. ಶಿವಾಜಿನಗರದ ಜಿಲ್ಲಾ ನ್ಯಾಯಾಲಯಕ್ಕೆ ಹೋದೆ. ಈಗಾದರೆ ಸ್ವಾರಗೇಟದಿಂದ ನೆಲದಡಿಯ ಮೆಟ್ರೊ ಇದೆ, 2024ರ ಸೆಪ್ಟೆಂಬರಿನಲ್ಲಿ ಶುರುವಾದದ್ದು. ಮಂಡಈ, ಕಸಬಾ ಪೇಠ ದಾಟಿದರೆ ಸಿವಿಲ್ ಕೋರ್ಟು. ಆಗ ರಿಕ್ಷಾ.

ನೆರವಿನಿಂದ ಸಿಕ್ಕ ವಕೀಲರು ಮರಾಠಿ ಹೆಣ್ಣುಮಗಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕಾಗದಗಳನ್ನೆಲ್ಲ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: ಮಗು ತಂದೆಯ ಜೊತೆ ಮಾತಾಡಿ ಎಷ್ಟು ದಿನ ಆಯಿತು?

ಎಂಟು ತಿಂಗಳು.

ಅವರು ಪೆನ್ನು ಕೆಳಗಿಟ್ಟರು. ಇವತ್ತು ಸಂಜೆಯೇ ವಿಡಿಯೊ ಕಾಲ್ ಮಾಡಿಸಿರಿ, ಉತ್ತರ ಆಮೇಲೆ ಬರೆಯೋಣ ಅಂದರು. ಕೇಸು ಗೆಲ್ಲುವ ಉಪಾಯ ಇರಬೇಕು ಅಂತ ನಾನು ಮೊದಲು ತಿಳಿದೆ. ಅವರು 2020ರ ಯಶಿತಾ ಸಾಹು ತೀರ್ಪಿನ ವಿಷಯ ಹೇಳಿದರು. ತಂದೆತಾಯಿ ಬೇರೆ ಬೇರೆ ರಾಜ್ಯದಲ್ಲೋ ದೇಶದಲ್ಲೋ ಇದ್ದಾಗ ಭೇಟಿಯಷ್ಟೇ ಅಲ್ಲ, ದಿನಾ ಕೆಲವು ನಿಮಿಷ ಫೋನಿನಲ್ಲೋ ವಿಡಿಯೊದಲ್ಲೋ ಮಾತಾಡುವ ಸಂಪರ್ಕವೂ ಮಗುವಿಗೆ ಬೇಕು ಅಂತ ಸುಪ್ರೀಂ ಕೋರ್ಟು ಅದರಲ್ಲಿ ಹೇಳಿದೆ. ಕೋರ್ಟು ಹೇಳುವತನಕ ಯಾಕೆ ಕಾಯುತ್ತೀರಿ ಅಂತ ಅವರ ಮಾತು.

ಆ ಸಂಜೆ ಫೋನು ಹಚ್ಚಿಕೊಟ್ಟಳು. ಕೂಸು ಮೊದಲ ಎರಡು ನಿಮಿಷ ಮಾತೇ ಆಡಲಿಲ್ಲವಂತೆ. ಆಮೇಲೆ ಬಿದ್ದ ಹಲ್ಲು ತೋರಿಸಿತಂತೆ.

ಅಲ್ಲಿಂದ ಕೇಸಿನ ಗಾಳಿ ತಿರುಗಿತು. ಕೌಟುಂಬಿಕ ನ್ಯಾಯಾಲಯದಲ್ಲಿ ಸಮಾಲೋಚಕರು ಇರುತ್ತಾರೆ. ಮೊದಲು ರಾಜಿಗೆ ಯತ್ನಿಸುವುದು ಕೋರ್ಟಿನ ಕರ್ತವ್ಯ ಅಂತ 1984ರ ಕಾಯ್ದೆಯಲ್ಲೇ ಇದೆ. ಆರು ಸಲ ಕೂತರು. ಗಂಡಹೆಂಡತಿ ಒಂದಾಗಲಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತಾಯಿಯ ಬಳಿ ಅಂತ ಹಂಚಿಕೊಟ್ಟದ್ದಿದೆ. ಆದರೆ ಅರ್ಧ ವರ್ಷ ಕನ್ನಡ ನಾಡಿನ ಶಾಲೆ, ಅರ್ಧ ವರ್ಷ ಪುಣೆಯ ಶಾಲೆ ನಮಗೆ ಸಾಧ್ಯವಿರಲಿಲ್ಲ. ಕೊನೆಗೆ ಒಪ್ಪಿಗೆಯ ಕಾಗದವಾಯಿತು: ಶಾಲೆ ಧಾರವಾಡದಲ್ಲಿ ತಾಯಿಯ ಹತ್ತಿರ, ಬೇಸಿಗೆ ಮತ್ತು ದೀಪಾವಳಿ ರಜೆಯ ಅರ್ಧ ತಂದೆಯ ಹತ್ತಿರ, ತಿಂಗಳಿಗೊಮ್ಮೆ ಅವನು ಅಲ್ಲಿಗೆ ಹೋಗುವುದು, ದಿನಾ ಸಂಜೆ ಏಳಕ್ಕೆ ಫೋನು.

ಒಂದು ಮಾತು ಸ್ಪಷ್ಟ ಹೇಳಬೇಕು. ಮನೆಯಲ್ಲಿ ಹೊಡೆತ-ಬಡಿತ ಇದ್ದರೆ ಈ ಕತೆ ಅನ್ವಯಿಸುವುದಿಲ್ಲ. ಅಂಥ ಹೆಣ್ಣುಮಗಳು ಮೊದಲು ಜೀವ ಉಳಿಸಿಕೊಳ್ಳಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅವಳು ತಾತ್ಕಾಲಿಕವಾಗಿ ಇರುವ ತವರೂರಿನ ಕೋರ್ಟಿಗೇ ಹೋಗಬಹುದು. ಮಗುವಿನ ತಾತ್ಕಾಲಿಕ ವಶವನ್ನೂ ಅಲ್ಲೇ ಕೇಳಬಹುದು. ನಮ್ಮದು ಹಾಗಿರಲಿಲ್ಲ. ನಮ್ಮದು ಒಂದು ದಿನ ತಡೆಯಬಹುದಾಗಿದ್ದ ಜಗಳ.

ಒಪ್ಪಿಗೆಗೆ ಮುಂಚೆ ನ್ಯಾಯಾಧೀಶರು ಕೂಸನ್ನು ಒಂಟಿಯಾಗಿ ತಮ್ಮ ಕೋಣೆಗೆ ಕರೆದು ಮಾತಾಡಿಸಿದರು. ಒಳಗೆ ಏನು ಕೇಳಿದರು, ಏನು ಹೇಳಿತು, ನಮಗ್ಯಾರಿಗೂ ತಿಳಿಯದು. ಅಂದು ರಾತ್ರಿ ಅವರನ್ನು ಊರಿಗೆ ಕಳಿಸಲು ಮತ್ತೆ ಸ್ವಾರಗೇಟಕ್ಕೆ ಬಂದೆ. ಅವಳ ತಾಯಿ ನೀರಿನ ಬಾಟಲಿ ತರಲು ಹೋದಾಗ ಕೂಸು ನನ್ನ ಅಂಗಿ ಜಗ್ಗಿ ಹೇಳಿತು:

"ಅಜ್ಜಾ, ಅವತ್ತ ನೀ ಹೇಳಿದ್ದಿ, ಪಪ್ಪಾ ಹಿಂದ ಬರೂ ಬಸ್ಸಿನ್ಯಾಗ ಬರ್ತಾನ ಅಂತ. ನಾ ಬೆಳಗಾಂವಿ ತನಕ ಮಲಗಿದ್ದಿಲ್ಲ. ಹಿಂದಿನ ಕಿಡಕ್ಯಾಗ ನೋಡಿಕೋತ ಇದ್ದೆ."

ಸಿಟ್ಟಿರಲಿಲ್ಲ ಅದರ ಮಾತಿನಲ್ಲಿ. ಸುಮ್ಮನೆ ಹೇಳಿತು. ಪುಣೆಯಿಂದ ಬೆಳಗಾವಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು. "ನಾ ಸುಳ್ಳು ಹೇಳಿದ್ದೆ ಅವ್ವಾ, ತಪ್ಪಾತು" ಅಂದೆ. ಅದು ತಲೆ ಆಡಿಸಿ ಬಸ್ಸು ಹತ್ತಿತು. ಕೋರ್ಟಿನ ಕಾಗದದಲ್ಲಿ ಮೂರನೆಯ ಪ್ರತಿವಾದಿಯ ತಪ್ಪೇನು ಅಂತ ಎಲ್ಲೂ ಬರೆದಿಲ್ಲ. ಬರೆಯಬೇಕಾದದ್ದು ಅದು.

ಈಗ ಕೂಸಿಗೆ ಒಂಬತ್ತು. ರಜೆಗೆ ಬಂದಾಗ ಬೆಳಿಗ್ಗೆ ಬಸ್ಸು ಬರುವ ಮೊದಲೇ ಅಳಿಯ ಬಂದು ನಿಂತಿರುತ್ತಾನೆ. ನಮ್ಮಿಬ್ಬರಲ್ಲಿ ಹೆಚ್ಚು ಮಾತಿಲ್ಲ. ಒಂದೊಂದು ಕಟಿಂಗ್ ಚಹಾ ಕುಡಿಯುತ್ತೇವೆ. ಆಮೇಲೆ ಅವರಿಬ್ಬರೂ ಸಾರಸಬಾಗದ ಗಣಪತಿಗೆ ನಡೆದುಹೋಗುತ್ತಾರೆ, ನಾನು ಮನೆಗೆ.

ದೂರದೂರಿನಲ್ಲಿರುವ ನಮ್ಮಂಥವರ ಮನೆಗೇ ಇಂಥ ಫೋನು ಬರುವುದು, ಯಾಕಂದರೆ ಊರಿನವರಿಗೆ ಇಲ್ಲಿ ಗೊತ್ತಿರುವವರು ನಾವೇ. ಬಂದರೆ ಆ ರಾತ್ರಿ ಟಿಕೆಟ್ಟು ತೆಗೆಸುವ ಮೊದಲು 15100ಕ್ಕೆ ಒಂದು ಫೋನು ಮಾಡಿರಿ. ಕಳಿಸಲೇಬೇಕಾಗಿ ಬಂದರೂ, ಕೂಸಿಗೆ ಖರೇ ಹೇಳಿ ಕಳಿಸಿರಿ.

ಹನ್ನೆರಡು ತುಂಬುವತನಕ ಅದಕ್ಕೆ ಅರ್ಧ ಟಿಕೆಟ್ಟು. ಇನ್ನೂ ಮೂರು ವರ್ಷ ಇದೆ. ಈಗ ಬುಕ್ ಮಾಡುವ ಮುಂಚೆ ನಾನು ಇಬ್ಬರಿಗೂ ಫೋನು ಮಾಡುತ್ತೇನೆ.